ಓಡುವ ಕಾರೋ, ಒಯ್ಯುವ ಕಾರೋ?

ಸೋದರಿಯರೇ, ಸೀರೆ ಅಂಗಡಿಯಲ್ಲಿ ನಾವು ಎರಡು ಗಂಟೆ ಕೂತರೆ ಆಡಿಕೊಳ್ಳುವ ಗಂಡಸರು, ಒಂದು ಕಾರು ಆರಿಸಲು ಮೂರು ತಿಂಗಳು ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. 2025ರ ಜುಲೈಯಿಂದ ದಸರಾವರೆಗೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ಕಾರು, ಕೈ ತೊಳೆದು ಎದ್ದರೂ ಕಾರು. ಸಾರಿಗೆ ಉಪ್ಪು ಹಾಕಲು ಮರೆತ ದಿನವೂ ಯಾರೂ ತುಟಿ ಎರಡು ಮಾಡಲಿಲ್ಲವೆಂದರೆ ನೀವೇ ಊಹಿಸಿಕೊಳ್ಳಿ.

ನಾವಿರುವುದು ಹಾಸನದಲ್ಲಿ. ನಮ್ಮ ಯಜಮಾನರಿಗೆ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ಟುಗಳನ್ನು ಸರಿಮಾಡಿಕೊಡುತ್ತಾರೆ. ನನ್ನ ಮಾವನ ಮನೆ ಅರಕಲಗೂಡಿನ ಹತ್ತಿರದ ಒಂದು ಹಳ್ಳಿ, ತವರು ಚನ್ನರಾಯಪಟ್ಟಣ ತಾಲ್ಲೂಕು, ಅಕ್ಕನನ್ನು ಕೊಟ್ಟಿರುವುದು ಹೊಳೆನರಸೀಪುರಕ್ಕೆ. ಹಬ್ಬ, ಹೆರಿಗೆ, ತಿಥಿ, ನಾಮಕರಣ ಎಲ್ಲವೂ ಈ ನಾಲ್ಕು ಊರುಗಳ ನಡುವೆಯೇ. ಇಷ್ಟು ವರ್ಷ ಆ ಓಡಾಟಕ್ಕೆಲ್ಲ ಒಂದೇ ಮಾರುತಿ ಓಮ್ನಿ. 1984ರಲ್ಲಿ ಮಾರುತಿ ವ್ಯಾನ್ ಎಂದು ಬಂದು, 2019ರಲ್ಲಿ ತಯಾರಿಕೆಯೇ ನಿಂತುಹೋದ ಗಾಡಿ ಅದು. ನಾವು ಅದರಲ್ಲಿ ಮಕ್ಕಳನ್ನು ಸಾಗಿಸಿದ್ದೇವೆ, ಮೋಟಾರುಗಳನ್ನು ಸಾಗಿಸಿದ್ದೇವೆ, ತವರಿನಿಂದ ತೆಂಗಿನಕಾಯಿ ಮೂಟೆ ತಂದಿದ್ದೇವೆ, ಒಮ್ಮೆ ಒಂದು ಕರುವನ್ನೂ ತಂದಿದ್ದೇವೆ. ಈಗ ಅದರ ತಳವೇ ತುಕ್ಕು ಹಿಡಿದು, ಮಳೆಗಾಲದಲ್ಲಿ ಕಾಲ ಕೆಳಗೆ ನೀರು ಚಿಮ್ಮತೊಡಗಿತು. ಹೊಸ ಕಾರು ತಗೊಳ್ಳಲೇಬೇಕಾಯಿತು.

ಹಣದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ಅಪ್ಪ ನನ್ನ ಹೆಸರಿಗೆ ಒಂದೂವರೆ ಎಕರೆ ತೆಂಗಿನ ತೋಟ ಬರೆದಿದ್ದರು. ತಮ್ಮ ಅದನ್ನು ನೋಡಿಕೊಂಡು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುತ್ತಾನೆ. ನಮ್ಮ ಕಡೆಯ ಉಂಡೆ ಕೊಬ್ಬರಿಯ ಸಂಗತಿ ನಿಮಗೆ ಗೊತ್ತಿರಬಹುದು: ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟು, ಒಳಗಿನ ನೀರೆಲ್ಲ ಇಂಗಿ ಗಡಗಡ ಸದ್ದು ಬರುವವರೆಗೆ ಕಾಯಬೇಕು. 2025ರಲ್ಲಿ ಕೊಬ್ಬರಿ ಬೆಲೆ ಕ್ವಿಂಟಲಿಗೆ ಇಪ್ಪತ್ತು ಸಾವಿರ ದಾಟಿ ಮೇಲೆ ಹೋಯಿತು. ಆ ಹಣ, ಹಿಂದಿನ ವರ್ಷದ್ದು, ನನ್ನ ಚೀಟಿ ಹಣ ಎಲ್ಲ ಸೇರಿ ಐದು ಲಕ್ಷವಾಯಿತು. ಉಳಿದದ್ದಕ್ಕೆ ಯಜಮಾನರ ಹೆಸರಿನಲ್ಲಿ ಐದು ವರ್ಷದ ಸಾಲ. ಹೀಗಾಗಿ ಕಾರಿನ ವಿಷಯದಲ್ಲಿ ನನಗೂ ಒಂದು ಮಾತಿತ್ತು. ಇನ್ನೊಂದು ಕಾರಣವೂ ಉಂಟು: ಓಡಿಸುವವಳು ನಾನು. ಅಂಗಡಿ ಬಾಗಿಲು ಹಾಕಿ ಬರಲು ಯಜಮಾನರಿಗೆ ಆಗುವುದಿಲ್ಲವೆಂದು ನಲವತ್ತೊಂದನೆಯ ವಯಸ್ಸಿನಲ್ಲಿ ಕಾರು ಕಲಿತೆ. ಈಗ ನನಗೆ ನಲವತ್ತಾರು.

ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಶನಿವಾರ ಬರುವಾಗಲೇ ಫೋನಿನ ತುಂಬ ಚಿತ್ರ ತಂದ. ಅವನ ಆಸೆ ಹುಂಡೈ ಐ20 ಎನ್ ಲೈನ್. 2021ರಲ್ಲಿ ನಮ್ಮ ದೇಶದಲ್ಲಿ ಬಿಟ್ಟ, ಚಿಕ್ಕದಾದರೂ ಚುರುಕಾದ ಕಾರು. ಒಂದು ಲೀಟರಿನ ಎಂಜಿನ್, ಮೂರೇ ಸಿಲಿಂಡರು, ಆದರೂ ಟರ್ಬೊ ಇರುವುದರಿಂದ 120 ಹಾರ್ಸ್ ಪವರ್. ಅಲ್ಲಲ್ಲಿ ಕೆಂಪು ಗೆರೆ, ಹಿಂದೆ ಎರಡು ಸೈಲೆನ್ಸರ್ ಬಾಯಿ. ಯಜಮಾನರಿಗೆ ಬೇಕಾದದ್ದು ಮನೆಮಂದಿಯೆಲ್ಲ ಹಿಡಿಸುವ ಉದ್ದನೆಯ ಗಾಡಿ. ಅದಕ್ಕೆ ಮಗ "ಅಪ್ಪನಿಗೆ ಎಸ್ಟೇಟ್ ಕಾರು ಬೇಕಂತೆ" ಎಂದು ನಕ್ಕ. ಒಳಗಿನಿಂದ ನಮ್ಮತ್ತೆ, "ಯಾವ ಎಸ್ಟೇಟಿನವರದ್ದೋ? ಸಕಲೇಶಪುರದ್ದಾ?" ಎಂದರು. ನಮ್ಮ ಜಿಲ್ಲೆಯಲ್ಲಿ ಎಸ್ಟೇಟ್ ಎಂದರೆ ಕಾಫಿ ತೋಟವೇ ಹೊರತು ಬೇರೆಯಲ್ಲ!

ಆದರೆ ಎಸ್ಟೇಟ್ ಎಂಬ ಕಾರಿನ ಜಾತಿಯೂ ಇದೆ. ಸಾಮಾನ್ಯ ಕಾರಿನ ಚಾವಣಿಯನ್ನು ಡಿಕ್ಕಿಯವರೆಗೂ ಎಳೆದು, ಹಿಂದೆ ಸಾಮಾನಿಗೆ ವಿಶಾಲ ಜಾಗ ಮಾಡಿದ್ದು. ಟಾಟಾದವರು 1992ರಲ್ಲಿ ಆ ಹೆಸರಿನಲ್ಲೇ ಒಂದು ಬಿಟ್ಟಿದ್ದರು. ಆಮೇಲೆ ಮಾರುತಿ ಬಲೆನೊ ಆಲ್ಟುರಾ, ಸ್ಕೋಡಾ ಆಕ್ಟೇವಿಯಾ ಕಾಂಬಿ ಬಂದವು. ನಮ್ಮ ಜನ ಯಾವುದಕ್ಕೂ ಅಷ್ಟಾಗಿ ಕೈ ಹಾಕಲಿಲ್ಲ. ಅವುಗಳ ಜಾಗವನ್ನು 2000ದ ಕ್ವಾಲಿಸ್, 2005ರ ಇನ್ನೋವಾ, 2012ರ ಎರ್ಟಿಗಾಗಳಂಥ ಏಳು ಸೀಟಿನ ಗಾಡಿಗಳು ಹಿಡಿದವು. ಯಜಮಾನರು ಗುರುತು ಹಾಕಿಕೊಂಡಿದ್ದು 2022ರಲ್ಲಿ ಬಂದ ಕಿಯಾ ಕ್ಯಾರೆನ್ಸ್. ಅದರಲ್ಲೂ 2023ರಿಂದ ಒಂದೂವರೆ ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್ ಇದೆ, 160 ಹಾರ್ಸ್ ಪವರ್. ಮಗನ ಓಟದ ಕಾರಿಗಿಂತ ನಲವತ್ತು ಹೆಚ್ಚು! ಇದನ್ನು ಕೇಳಿ ಮಗ ಒಂದು ಗಳಿಗೆ ಪೆಚ್ಚಾದ. ಆಮೇಲೆ, "ಆದ್ರೂ ಅದು ಬಸ್ಸಿನ ಥರಾ ಅಮ್ಮ" ಎಂದ.

ಟರ್ಬೊ ಎಂದರೇನೆಂದು ನಾನು ಕೇಳಿದೆ. ಯಜಮಾನರು ಅಡಿಗೆಮನೆಯ ಭಾಷೆಯಲ್ಲೇ ಹೇಳಿದರು. ಒಲೆಗೆ ಊದುಗೊಳವೆಯಲ್ಲಿ ಊದಿದರೆ ಅದೇ ಸೌದೆ ಜೋರಾಗಿ ಉರಿಯುತ್ತದಲ್ಲ, ಎಂಜಿನ್ನಿಗೂ ಹಾಗೆಯೇ ಗಾಳಿಯನ್ನು ಒತ್ತಿ ತುಂಬುತ್ತಾರೆ. ಆದರೆ ಊದುವವರು ಯಾರು? ಹೊರಗೆ ಹೋಗುವ ಹೊಗೆಯೇ! ಆ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ, ಅದೇ ಅಚ್ಚಿನ ಇನ್ನೊಂದು ತುದಿಯ ಚಕ್ರ ಹೊಸ ಗಾಳಿಯನ್ನು ಒಳಗೆ ತಳ್ಳುತ್ತದೆ. ನಿಮಿಷಕ್ಕೆ ಲಕ್ಷ ಸುತ್ತಿಗಿಂತ ಹೆಚ್ಚು ತಿರುಗುತ್ತದಂತೆ. ಗಾಳಿ ಹೆಚ್ಚಾದರೆ ಪೆಟ್ರೋಲನ್ನೂ ಹೆಚ್ಚು ಬಿಡಬಹುದು, ಹಾಗಾಗಿ ಚಿಕ್ಕ ಎಂಜಿನ್ ದೊಡ್ಡ ಎಂಜಿನ್ನಿನ ಕೆಲಸ ಮಾಡುತ್ತದೆ. "ಈಗಿನ ಡೀಸೆಲ್ ಲಾರಿ, ಬಸ್ಸು ಎಲ್ಲದರಲ್ಲೂ ಟರ್ಬೊ ಉಂಟು ಕಣೇ, ಇವನೊಬ್ಬನ ಕಾರಿನದಲ್ಲ" ಎಂದು ಯಜಮಾನರು ಮಗನ ಕಡೆ ನೋಡಿದರು. ಅರಕಲಗೂಡಿನ ಕೆಂಪು ಬಸ್ಸಿಗೂ ತನ್ನ ಕನಸಿನ ಕಾರಿಗೂ ಒಂದೇ ಊದುಗೊಳವೆ ಎಂದದ್ದು ಅವನಿಗೆ ಹಿಡಿಸಲಿಲ್ಲ.

ಇಷ್ಟಾದ ಮೇಲೆ ನಾನು ಹಾಲಿನ ಲೆಕ್ಕದ ಪುಸ್ತಕವನ್ನು ಹಿಂದಿನಿಂದ ತಿರುಗಿಸಿ ಬರೆಯಲು ಕೂತೆ. ಕಾರಿನ ಗುಣವನ್ನಲ್ಲ, ಒಂದು ವರ್ಷದಲ್ಲಿ ಅದರಲ್ಲಿ ಯಾರು ಯಾರು, ಎಲ್ಲಿಂದ ಎಲ್ಲಿಗೆ, ಏನು ಹೊತ್ತುಕೊಂಡು ಹೋಗುತ್ತಾರೆ ಎಂಬುದನ್ನು. ಕಾರು ಕೊಳ್ಳಬೇಕೆಂದಿರುವ ಸೋದರಿಯರು ದಯವಿಟ್ಟು ಇದೊಂದನ್ನು ಮಾಡಿ. ಷೋರೂಮಿನ ದೀಪದಲ್ಲಿ ಎಲ್ಲ ಕಾರೂ ಮದುಮಗಳ ಹಾಗೇ ಕಾಣುತ್ತದೆ.

ಪುಸ್ತಕದ ಮೊದಲ ಸಾಲೇ ಮಾವನವರದ್ದು. ಅವರಿಗೆ ಎಪ್ಪತ್ತಾರು. ಎರಡೂ ಮೂತ್ರಪಿಂಡ ಸೋತಿವೆ. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಹಾಸನದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಪ್ರತಿ ಸಲವೂ ನಾಲ್ಕು ಗಂಟೆ. ನಮ್ಮ ಜೊತೆ ಹಾಸನದಲ್ಲೇ ಇರಿ ಎಂದರೆ ಒಪ್ಪುವುದಿಲ್ಲ. ಹಸು, ಹೊಗೆಸೊಪ್ಪಿನ ಬ್ಯಾರನ್ನು, ಜಗುಲಿ ಬಿಟ್ಟು ಬರಲಾರರು. ಅತ್ತೆಯವರು ಮಾತ್ರ ಆಗಾಗ ಬಂದು ನಾಲ್ಕು ದಿನ ಇದ್ದು ಹೋಗುತ್ತಾರೆ. ಆದ್ದರಿಂದ ನಾನು ಬೆಳಿಗ್ಗೆ ಐದಕ್ಕೆ ಹೊರಟು ಗೊರೂರು ಹಾದು ಹಳ್ಳಿಗೆ ಹೋಗಿ ಕರೆತರುತ್ತೇನೆ, ಮಧ್ಯಾಹ್ನ ಬಿಟ್ಟು ಮತ್ತೆ ಬರುತ್ತೇನೆ. ಒಂದು ಸಲಕ್ಕೆ ಮೂವತ್ತು ಕಿಲೋಮೀಟರಿನಂತೆ ದಿನಕ್ಕೆ ನಾಲ್ಕು ಸಲ, ನೂರಿಪ್ಪತ್ತಾಯಿತು. ವಾರಕ್ಕೆ 240, ವರ್ಷಕ್ಕೆ 12,480. ಈ ಮೊತ್ತವನ್ನು ನೋಡಿ ಯಜಮಾನರೇ ಬೆಚ್ಚಿದರು. ಲೀಟರಿಗೆ ಹದಿಮೂರು ಕೊಡುವ ದೊಡ್ಡ ಗಾಡಿಯಾದರೆ 960 ಲೀಟರು, ಹದಿನಾರು ಕೊಡುವ ಚಿಕ್ಕದಾದರೆ 780 ಲೀಟರು. ಲೀಟರಿಗೆ ನೂರೇ ಎಂದು ಹಿಡಿದರೂ ವರ್ಷಕ್ಕೆ ಹದಿನೆಂಟು ಸಾವಿರದ ವ್ಯತ್ಯಾಸ. ಮಗನ ಕಡೆಗೆ ಒಂದು ಅಂಕ. ಡೀಸೆಲ್ಲಾದರೆ ಉಳಿತಾಯವಿತ್ತು, ಆದರೆ ಕೊಳ್ಳುವ ಬೆಲೆ ನಮ್ಮ ಕೈ ಮೀರುತ್ತಿತ್ತು.

ಆಮೇಲಿನ ಸಾಲುಗಳು ಸಣ್ಣವು. ತಿಂಗಳಿಗೊಮ್ಮೆ ಹೊಳೆನರಸೀಪುರದಿಂದ ಅಕ್ಕ, ಭಾವ, ಅವರ ಮೊಮ್ಮಗು. ಮಗಳ ಹಾಸ್ಟೆಲ್ ಟ್ರಂಕು. ಚನ್ನರಾಯಪಟ್ಟಣದಿಂದ ಕಾಯಿ. ಹೊತ್ತು ಬಂದರೆ ಅಂಗಡಿಯ ಮೋಟಾರು. ಅತ್ತೆಯವರು ಮಾತ್ರ ಈ ಪಟ್ಟಿಯನ್ನೆಲ್ಲ ಕೇಳಿ, "ಹೆಂಗಸರಿಗೆ ಬಸ್ಸು ಬಿಟ್ಟಿ ಮಾಡಿದ್ದಾರಲ್ಲ, ಸಾಲದೇನ್ರೇ?" ಎಂದರು. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಅವರು ನೋಡದೆ ಬಿಟ್ಟ ದೇವಸ್ಥಾನ ಕಡಿಮೆ. ಅದು ಬೇರೆ ಕಥೆ.

ಆಗಸ್ಟ್‌ನಲ್ಲಿ ಒಂದು ಭಾನುವಾರ ಎರಡೂ ಕಾರುಗಳನ್ನು ನೋಡಲು ಹೋದೆವು. ನಾನು ಓಮ್ನಿಯಲ್ಲಿ ಮಾವನವರನ್ನೂ ಅವರ ಮಡಚುವ ಗಾಲಿಕುರ್ಚಿಯನ್ನೂ ಕೂರಿಸಿಕೊಂಡೇ ಹೋದೆ. ಮಗನಿಗೆ ಸ್ವಲ್ಪ ಸಂಕೋಚವೆನಿಸಿತೋ ಏನೋ, ಮುಖ ಸಣ್ಣ ಮಾಡಿಕೊಂಡ. ಆದರೆ ಅಲ್ಲಿದ್ದ ಹುಡುಗರು ಬಹಳ ಮರ್ಯಾದೆಯಿಂದ ನಡೆದುಕೊಂಡರು, ಕುರ್ಚಿ ಮಡಚಲು ತಾವೇ ಕೈ ಹಾಕಿದರು.

ಮೊದಲು ಮಗನ ಕಾರು. ನಾನು ಬೈಪಾಸಿನಲ್ಲಿ ಓಡಿಸಿದೆ. ಸೋದರಿಯರೇ, ಸುಳ್ಳೇಕೆ ಹೇಳಲಿ, ಮನಸ್ಸು ಹಾರಿತು. ಪೆಡಲ್ ಒತ್ತಿದರೆ ಮೊದಲು ಒಂದು ಗುಕ್ಕು ಉಸಿರು ಹಿಡಿದು, ಆಮೇಲೆ ಯಾರೋ ಬೆನ್ನಿಗೆ ಕೈಯಿಟ್ಟು ತಳ್ಳಿದ ಹಾಗೆ ಮುಂದಕ್ಕೆ ಹೋಗುತ್ತದೆ. ಉಯ್ಯಾಲೆ ಮೇಲಕ್ಕೆ ಹೋಗುವಾಗ ಹೊಟ್ಟೆಯಲ್ಲಿ ಆಗುತ್ತದಲ್ಲ, ಹಾಗೆ. ಇಪ್ಪತ್ತನಾಲ್ಕು ವರ್ಷದ ಹುಡುಗ ಇದಕ್ಕೆ ಆಸೆಪಟ್ಟರೆ ಅವನನ್ನು ಬೈಯುವುದು ಹೇಗೆ? ಹುಟ್ಟಿದಾಗಿನಿಂದ ಓಮ್ನಿಯ ಹಿಂದಿನ ಸೀಟಿನಲ್ಲಿ ಮೋಟಾರುಗಳ ಜೊತೆ ಕೂತವನು. ಅವನ ಜೊತೆಯವರೆಲ್ಲ ಕಾರಿನಲ್ಲಿ ಊರಿಗೆ ಬರುವಾಗ ಇವನು ಬಸ್‌ಸ್ಟ್ಯಾಂಡಿನಿಂದ ಆಟೋ ಹಿಡಿಯುತ್ತಾನೆ. ಅಷ್ಟೂ ನನಗೆ ಗೊತ್ತು.

ಆದರೆ ಮಾವನವರನ್ನು ಕೂರಿಸಿದಾಗ ಬೇರೆ ಸಂಗತಿ ತಿಳಿಯಿತು. ಸೀಟು ತಗ್ಗು. ಕೂರುವುದಕ್ಕೆ ಹೇಗೋ ಕೂತರು. ಏಳುವಾಗ ಎಡಗೈಯನ್ನು ಬಾಗಿಲಿಗೆ ಊರಿ ಮೈಯನ್ನೆಲ್ಲ ಎತ್ತಬೇಕಾಯಿತು. ಆ ಎಡಗೈಯಲ್ಲೇ ಅವರ ಫಿಸ್ಟುಲಾ ಇರುವುದು. ಡಯಾಲಿಸಿಸ್ ಸೂಜಿ ಚುಚ್ಚಲು ರಕ್ತನಾಳಗಳನ್ನು ಸೇರಿಸಿ ಮಾಡಿದ ಜಾಗ. ಆ ಕೈಗೆ ಭಾರ ಬೀಳಬಾರದು, ಬಿ.ಪಿ. ನೋಡುವ ಪಟ್ಟಿಯನ್ನೂ ಅದಕ್ಕೆ ಕಟ್ಟಬಾರದು, ಮಲಗಿದಾಗ ಅದರ ಮೇಲೆ ಹೊರಳಬಾರದು. ಮನೆಯಲ್ಲಿ ಇಂಥ ರೋಗಿಯಿರುವವರಿಗೆ ಇದು ಗೊತ್ತೇ ಇರುತ್ತದೆ. ಡಯಾಲಿಸಿಸ್ ಮುಗಿದ ಮೇಲಂತೂ ಬಿ.ಪಿ. ಇಳಿದು ತಲೆ ಸುತ್ತುತ್ತಿರುತ್ತದೆ. ಆಗ ಈ ಏಳುವ ಸಾಹಸ ಹೇಗೆ? ಕುರ್ಚಿ ಡಿಕ್ಕಿಗೆ ಹೋಯಿತು, ಆದರೆ ಮೇಲಿನ ಹಲಗೆ ತೆಗೆದು ಓರೆಯಾಗಿಟ್ಟ ಮೇಲೆ. ಅದರ ಜೊತೆಗೆ ಒಂದು ತರಕಾರಿ ಚೀಲಕ್ಕೂ ಜಾಗ ಉಳಿಯಲಿಲ್ಲ.

ದೊಡ್ಡ ಗಾಡಿಯಲ್ಲಿ ಸೀಟು ಅವರ ಸೊಂಟದ ಮಟ್ಟಕ್ಕಿತ್ತು. ಕೈ ಊರದೆ ಜಾರಿ ಕೂತರು, ಜಾರಿ ಇಳಿದರು. ಆದರೆ ತಮಾಷೆ ಕೇಳಿ, ಏಳು ಸೀಟನ್ನೂ ಎತ್ತಿಟ್ಟರೆ ಅದರ ಡಿಕ್ಕಿ ಬರೀ 216 ಲೀಟರು, ಚಿಕ್ಕ ಕಾರಿನದು 311. ಕುರ್ಚಿ ಹೋಗಲೇ ಇಲ್ಲ! ಮಗನ ಮುಖ ಅರಳಿತು. ಕೊನೆಯ ಸಾಲಿನ ಅರ್ಧ ಮಡಚಿದ ಮೇಲೆ ಕುರ್ಚಿಯೂ ಹೋಯಿತು, ಇನ್ನೊಂದು ಸೀಟೂ ಉಳಿಯಿತು. ಏಳು ಸೀಟಿನ ಗಾಡಿ ನೋಡುವಾಗ ಏಳೂ ಸೀಟು ತುಂಬಿದಾಗ ಸಾಮಾನು ಎಲ್ಲಿ ಎಂದು ಕೇಳಲು ಮರೆಯಬೇಡಿ. ಓಡಿಸಿಯೂ ನೋಡಿದೆ. ಅದೂ ತಳ್ಳಿತು. ಚಿಕ್ಕದರ ಕುಣಿತ ಇಲ್ಲ, ತಿರುವಿನಲ್ಲಿ ತುಸು ವಾಲುತ್ತದೆ, ಆದರೆ ಆಲೂಗೆಡ್ಡೆ ಲಾರಿಯ ಹಿಂದೆ ಸಿಕ್ಕಿಕೊಂಡಾಗ ದಾಟಲು ಎದುರಿನ ಪಥದಲ್ಲಿ ಹೆಚ್ಚು ಹೊತ್ತು ಇರಬೇಕಿಲ್ಲ. ಅರಕಲಗೂಡಿನ ರಸ್ತೆಯಲ್ಲಿ ಬೆಳಗಿನ ಮಂಜಿನಲ್ಲಿ ಓಡಿಸುವವಳಿಗೆ ಅದರ ಬೆಲೆ ಗೊತ್ತು. ಶಕ್ತಿಯಿರುವ ಎಂಜಿನ್ ಬರೀ ಹುಡುಗಾಟವೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಅವತ್ತು ರಾತ್ರಿ ಊಟವಾದ ಮೇಲೆ ಮಗ ಮೆಲ್ಲಗೆ ಅಡಿಗೆಮನೆಗೆ ಬಂದ. "ಅರವತ್ತು ಕಂತು ಅಮ್ಮ. ಅರವತ್ತು ತಿಂಗಳು. ಅಷ್ಟು ದಿನ ತಾತ..." ಎಂದವನು ಅಲ್ಲಿಗೇ ನಿಲ್ಲಿಸಿದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಬ್ಯಾಂಕಿನವರು ಲೆಕ್ಕ ಹಾಕುವ ಹಾಗೆ ಹಾಕಿದ. ನಿಜ ಹೇಳಬೇಕೆಂದರೆ ಆ ಲೆಕ್ಕ ನಮ್ಮೆಲ್ಲರ ಮನಸ್ಸಿನಲ್ಲೂ ಇತ್ತು, ಬಾಯಿಗೆ ತಂದವನು ಅವನೊಬ್ಬ. ನಾನು ಪಾತ್ರೆ ತೊಳೆಯುತ್ತಲೇ ಇದ್ದೆ.

ಹಜಾರದಲ್ಲಿ ಮಲಗಿದ್ದ ಮಾವನವರಿಗೆ ಕೇಳಿಸಿತ್ತು. "ಬಾರ್ಲಾ ಮಗಾ ಇಲ್ಲಿ" ಎಂದು ಕರೆದರು. "ನನ್ನ ನೆಪದಲ್ಲಿ ದೊಡ್ಡದು ತಗೋಬೇಡ್ರಪ್ಪ. ಆ ಚಿಕ್ಕದೇ ಚೆನ್ನಾಗೈತೆ. ಹುಡುಗನ ಆಸೆ" ಎಂದರು. ಮಗ ತಲೆ ತಗ್ಗಿಸಿ ನಿಂತ. ಆಮೇಲೆ ಅವರು ಎಲ್ಲೋ ನೆನಪಿಗೆ ಹೋದರು. ಮದುವೆಯಾದ ವರ್ಷ ಅವರೂ ಅವರಪ್ಪನೂ ಎತ್ತು ಕೊಳ್ಳಲು ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ಜಾತ್ರೆಗೆ ಹೋಗಿದ್ದರಂತೆ. ನಮ್ಮ ಸೀಮೆಯ ಹಳ್ಳಿಕಾರ್ ಎತ್ತುಗಳು ಓಟಕ್ಕೆ ಹೆಸರಾದವು, ನಿಮಗೆ ಗೊತ್ತಲ್ಲ.

"ಎರಡು ಜೊತೆ ಕಣ್ಣಿಗೆ ಬಿದ್ದಿದ್ವು ಕಣ್ಲಾ. ಒಂದು ಜೊತೆ ಗಾಳಿ. ನೊಗ ಹೊರಿಸೋ ಮುಂಚೆನೇ ಓಡೋವು. ನಂಗೆ ಅದರ ಮೇಲೇ ಪ್ರಾಣ. ಇನ್ನೊಂದು ಜೊತೆನೂ ಓಡೋವೇ, ಆದ್ರೆ ನಮ್ಮವ್ವ ಗಾಡಿ ಹತ್ತೋ ಗಂಟ ಕಿವಿ ಅಲ್ಲಾಡಿಸ್ತಿರಲಿಲ್ಲ. ಅವನ್ನ ಹೊಡ್ಕೊಂಡ್ ಬಂದ್ವಿ."

"ಹಂಗಾದ್ರೆ ಯಾವ ಕಾರು ಅಂತೀಯ ತಾತ?"

"ನಂಗೇನ್ಲಾ ಗೊತ್ತು ಕಾರು? ಆ ಗಾಳಿ ಎತ್ತು ನಂಗೆ ಇವತ್ತೂ ಕನಸಲ್ಲಿ ಬತ್ತವೆ."

ನಾನು ಕೈ ಒರೆಸಿಕೊಂಡು ಹೊರಗೆ ಬಂದು, "ಮಾವ, ಇದು ನಿಮ್ಮೊಬ್ಬರ ಕಾರಲ್ಲ" ಎಂದೆ. ಪುಸ್ತಕ ತೆಗೆದು ಓದಿದೆ. ಅಕ್ಕನ ಮಂಡಿ, ಅತ್ತೆಯವರ ಬೆನ್ನು, ಇನ್ನು ಹತ್ತು ವರ್ಷಕ್ಕೆ ನಮ್ಮಿಬ್ಬರ ಸೊಂಟ. ನಾಳೆ ಮಗನಿಗೇ ಮದುವೆಯಾಗಿ ತೊಟ್ಟಿಲು ಸಾಗಿಸಬೇಕಾದರೆ? ಅವನು ಆಗ ಮಾತ್ರ ನಕ್ಕ. ಮರುದಿನ ಬೆಳಿಗ್ಗೆ ಬೆಂಗಳೂರಿಗೆ ಹೋಗುವ ಮುಂಚೆ ತಾತನನ್ನು ಓಮ್ನಿಗೆ ಹತ್ತಿಸಿ, ಕುರ್ಚಿಯನ್ನು ತಾನೇ ಮಡಚಿ ಒಳಗಿಟ್ಟ.

ಮುಗಿಯಿತು ಎಂದುಕೊಂಡಿರಾ? ಸೆಪ್ಟೆಂಬರ್ ಮೊದಲ ವಾರ ಪೇಪರಿನಲ್ಲಿ ಜಿಎಸ್‌ಟಿ ಇಳಿಕೆಯ ಸುದ್ದಿ ಬಂತು. ನಾಲ್ಕು ಮೀಟರಿನೊಳಗಿನ, 1200 ಸಿಸಿ ಒಳಗಿನ ಪೆಟ್ರೋಲ್ ಕಾರುಗಳಿಗೆ ಸೆಸ್ ಸೇರಿ ಶೇಕಡ 29 ಇದ್ದದ್ದು ಸೆಪ್ಟೆಂಬರ್ 22ರಿಂದ 18. ಯಜಮಾನರ ಗಾಡಿಗೆ 45 ಇದ್ದದ್ದು 40. ಮಗನ ಕಾರು 3,995 ಮಿಲಿಮೀಟರು ಉದ್ದ, ನಾಲ್ಕು ಮೀಟರಿಗೆ ಐದೇ ಮಿಲಿಮೀಟರು ಕಡಿಮೆ! ತೆರಿಗೆಗೆಂದೇ ಹೊಲಿಗೆ ಬಿಚ್ಚಿ ಒಳಗೆ ಮಡಚಿದ ಹಾಗೆ. ಅವನು ಫೋನು ಮಾಡಿ, "ಅಮ್ಮ, ಈಗ ಇನ್ನೂ ಅಗ್ಗ" ಎಂದ. ಸಾಲದ್ದಕ್ಕೆ ನಮ್ಮ ರಾಜ್ಯದಲ್ಲಿ ಹತ್ತು ಲಕ್ಷ ದಾಟಿದ ಕಾರಿಗೆ ರಸ್ತೆ ತೆರಿಗೆಯೇ ಶೇಕಡ 17, ಅದರ ಮೇಲೆ ಸೆಸ್. ಎರಡು ದಿನ ನಾನು ಮತ್ತೆ ಲೆಕ್ಕ ಹಾಕಿದೆ. ಉಳಿಯುವ ಹಣ ಕಡಿಮೆಯೇನಲ್ಲ. ಆದರೆ ಎಷ್ಟು ಉಳಿದರೂ ಸೀಟು ಮಾತ್ರ ಒಂದು ಗೇಣು ಮೇಲೇಳುವುದಿಲ್ಲವಲ್ಲ. 22 ದಾಟಿದ ಮೇಲೆ ದೊಡ್ಡದಕ್ಕೇ ಹಣ ಕಟ್ಟಿದೆವು, ನನ್ನ ಹೆಸರಿನಲ್ಲಿ.

ದೊಡ್ಡ ಗಾಡಿ ತಂದರೆ ಹುಡುಗನ ವೇಗದ ಭಯ ಹೋಯಿತೆಂದು ತಿಳಿಯಬೇಡಿ. ಹೋಗಲಿಲ್ಲ. 160 ಕುದುರೆ ಇದರಲ್ಲಿದೆ, ಜೊತೆಗೆ ಆರು ಜನ ಕೂತಿರುತ್ತಾರೆ. ಗಂಟೆಗೆ ನೂರು ಕಿಲೋಮೀಟರೆಂದರೆ ಒಂದು ಸೆಕೆಂಡಿಗೆ ಇಪ್ಪತ್ತೆಂಟು ಮೀಟರು. ಐವತ್ತರಲ್ಲಿ ಬ್ರೇಕ್ ಹಿಡಿದು ನಿಲ್ಲುವ ದೂರದ ನಾಲ್ಕರಷ್ಟು ನೂರರಲ್ಲಿ ಬೇಕು. ಇದು ಹೈಸ್ಕೂಲಿನಲ್ಲೇ ಓದಿದ ಲೆಕ್ಕ. ನಮ್ಮ ರಾಜ್ಯದಲ್ಲಿ 2024ರ ಆಗಸ್ಟ್ 1ರಿಂದ 130 ದಾಟಿದರೆ ಎಫ್‌ಐಆರ್ ಹಾಕುತ್ತೇವೆಂದು ಪೊಲೀಸರೇ ಹೇಳಿದ್ದಾರೆ. ನಾನು ಇನ್ನೊಂದು ಕಟ್ಟಳೆ ಸೇರಿಸಿದೆ: ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೆದ್ದಾರಿಯಲ್ಲಿ ಮಗ ಓಡಿಸಲಿ, ಪಕ್ಕದಲ್ಲಿ ನಾನಿರುತ್ತೇನೆ, ರಾತ್ರಿ ಹತ್ತರ ಮೇಲೆ ಕೀಲಿ ನನ್ನ ಸೆರಗಿನಲ್ಲಿ. ಯಜಮಾನರದೂ ಒಂದುಂಟು: ಹೆದ್ದಾರಿಯಲ್ಲಿ ಬಿರುಸಾಗಿ ಬಂದ ಕೂಡಲೇ ಎಂಜಿನ್ ಆರಿಸಬೇಡಿ, ಒಂದು ನಿಮಿಷ ಹಾಗೇ ಬಿಡಿ, ಕಾದ ಟರ್ಬೊ ಆಯಿಲ್ ಹರಿಯುತ್ತಲೇ ತಣಿಯಲಿ, ಆಯಿಲ್ ಬದಲಿಸುವ ದಿನ ತಪ್ಪಿಸಬೇಡಿ.

ತೋಟದ ಹಣದ ಕಾರೆಂದು ತಮ್ಮ ಎರಡು ಗೊನೆ ಎಳನೀರು ಕಳಿಸಿದ್ದ. ಮೂತ್ರಪಿಂಡ ಸೋತವರಿಗೆ ಎಳನೀರು ಕೂಡದು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಮಾವನವರು ಒಂದು ಬುರುಡೆಯನ್ನು ಕೈಯಲ್ಲಿ ಹಿಡಿದು ನೋಡಿ, ಮೊಮ್ಮಗನಿಗೆ ಕೊಟ್ಟರು. ಅಕ್ಟೋಬರ್ 1, ಆಯುಧಪೂಜೆ. ಅತ್ತೆಯವರು ಅರಿಸಿನ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆಸಿ, ಚಕ್ರಗಳಿಗೆ ನಾಲ್ಕು ನಿಂಬೆಹಣ್ಣು ಇಟ್ಟರು. ನಾನು ಕೀಲಿ ತಿರುಗಿಸಬೇಕು, ಅಷ್ಟರಲ್ಲಿ ಮಗ "ತಡಿ ಅಮ್ಮ" ಎಂದು ಒಳಗೋಡಿ ಇನ್ನೆರಡು ನಿಂಬೆಹಣ್ಣು ತಂದು, ತಾತನ ಗಾಲಿಕುರ್ಚಿಯ ಎರಡು ದೊಡ್ಡ ಗಾಲಿಗೂ ಇಟ್ಟ.